ಕೇಳಿ ನೋಡೋಣ: ಹುಡುಗೀರ ಅನಿಮೆಗೆ ದುಡ್ಡು ಹಾಕೋರು ಯಾರು?

ಹಿಂದಿನ ಸಂಚಿಕೇಲಿ ಯಾರೋ ಒಬ್ರು ಮಗಳ ಅನಿಮೆ (ಜಪಾನಿನ ಕಾರ್ಟೂನ್) ಹುಚ್ಚಿನ ಬಗ್ಗೆ ಕೇಳಿದ್ರು, ನಾನು ನಾಲ್ಕು ಸಾಲು ಬರೆದು ಕೈ ತೊಳ್ಕೊಂಡೆ. ಅಷ್ಟಕ್ಕೇ ಈ ತಿಂಗಳು ಇನ್‌ಬಾಕ್ಸ್ ತುಂಬಿ ಚೆಲ್ತಾ ಇದೆ. ಅರ್ಧ ಪತ್ರ ಹೆಣ್ಮಕ್ಕಳದ್ದು, ಇನ್ನರ್ಧ ಅವರ ಅಪ್ಪ ಅಮ್ಮಂದಿರದ್ದು. ಸರಿ, ಈ ಸಲ ಅತ್ತೆ ಸೊಸೆ, ಇಎಂಐ, ಕೂದಲು ಉದುರೋದು ಎಲ್ಲಾ ಪಕ್ಕಕ್ಕಿಟ್ಟು ಪೂರ್ತಿ ಕಾಲಂ ಇದಕ್ಕೇ ಕೊಟ್ಟಿದೀನಿ. ಬೇರೆ ಪ್ರಶ್ನೆ ಕೇಳಿದವರು ಬೈಕೋಬೇಡಿ, ಮುಂದಿನ ತಿಂಗಳು ನಿಮ್ಮ ಪಾಳಿ.

ಅಕ್ಕಾ, ನನಗೆ ಇಷ್ಟ ಆಗೋ ಲವ್ ಸ್ಟೋರಿ ಅನಿಮೆ ಎಲ್ಲಾ 12 ಎಪಿಸೋಡಿಗೇ ನಿಂತೋಗುತ್ತೆ. ಹೀರೋ ಕೈ ಹಿಡಿಯೋ ಹೊತ್ತಿಗೆ ಸೀಸನ್ ಖತಂ! ನನ್ನ ತಮ್ಮ ನೋಡೋ ಕಡಲ್ಗಳ್ಳರ ಕಥೆ ಮಾತ್ರ ಸಾವಿರ ಎಪಿಸೋಡ್ ದಾಟಿದೆ. ಜಪಾನಿನವರಿಗೆ ಹುಡುಗೀರು ಅಂದ್ರೆ ಅಷ್ಟು ಸಸಾರಾನಾ?
– ಎರಡನೇ ಪಿಯು ವಿದ್ಯಾರ್ಥಿನಿ, ದಾವಣಗೆರೆ

ಸಸಾರ ಅಲ್ಲ ಪುಟ್ಟಿ, ಲೆಕ್ಕಾಚಾರ. ಅಲ್ಲಿ ಒಂದು ಅನಿಮೆಗೆ ಒಬ್ಬನೇ ನಿರ್ಮಾಪಕ ದುಡ್ಡು ಹಾಕೋದು ಕಮ್ಮಿ. ಮಾಂಗಾ ಅಂದ್ರೆ ಜಪಾನಿ ಕಾಮಿಕ್ಸ್ ಅಚ್ಚು ಹಾಕೋ ಪ್ರಕಾಶಕರು, ಟಿವಿ ಚಾನೆಲ್ಲು, ಮ್ಯೂಸಿಕ್ ಕಂಪನಿ, ಆಟದ ಸಾಮಾನಿನ ಕಂಪನಿ ಹೀಗೆ ಐದಾರು ಜನ ಸೇರಿ ಚೀಟಿ ಹಾಕಿದ ಹಾಗೆ ದುಡ್ಡು ಹಾಕ್ತಾರೆ, ಅದಕ್ಕೆ ನಿರ್ಮಾಣ ಸಮಿತಿ ಅಂತ ಹೆಸರು. ಒಬ್ಬೊಬ್ಬರಿಗೂ ತಮ್ಮ ತಮ್ಮ ಅಂಗಡೀಲಿ ವ್ಯಾಪಾರ ಆಗ್ಬೇಕು ಅಷ್ಟೇ, ಅನಿಮೆ ಅನ್ನೋದು ಆ ಎಲ್ಲಾ ಅಂಗಡಿಗಳ ಮುಂದೆ ಬಾರಿಸೋ ತಮಟೆ. ಈಗ ನಿನ್ನ ತಮ್ಮನ ಕಥೆ ತಗೋ, ಕತ್ತಿ ಇದೆ, ಹಡಗಿದೆ, ಕಾರ್ಡಿದೆ, ಗೇಮ್ ಮಾಡ್ಬಹುದು, ಗೊಂಬೆ ಮಾಡ್ಬಹುದು. ನಿನ್ನ ಕಥೇಲಿ ಏನಿದೆ ಮಾರೋಕೆ? ನಾಚಿಕೊಂಡು ನಿಂತಿರೋ ಒಬ್ಬ ಹುಡುಗಿ, ಮಳೆ, ಒಂದು ಛತ್ರಿ. ಮಾರೋಕಿರೋದು ಮಾಂಗಾ ಪುಸ್ತಕ ಒಂದೇ, ಅದಕ್ಕೆ ಜಾಹೀರಾತಾಗಿ 12 ಎಪಿಸೋಡು ಧಾರಾಳ ಸಾಕು ಅಂತ ಪ್ರಕಾಶಕರ ಲೆಕ್ಕ. ಮುಂದೇನಾಯ್ತು ಅಂತ ನಿನಗೆ ತಡ್ಕೊಳ್ಳೋಕಾಗದೆ ಹೋಗಿ ಪುಸ್ತಕ ತಗೋಬೇಕು, ಅಲ್ಲೇ ಇರೋದು ಮಜಾ.

ಇನ್ನೊಂದು ವಿಷ್ಯ ಇದೆ, ಇದು ಸ್ವಲ್ಪ ಕಹಿ. ಹೆಣ್ಮಕ್ಕಳ ಅನಿಮೆ ಮಾರ್ಕೆಟ್ ಅಂತ ನಾವು ಒಂದೇ ಉಸಿರಲ್ಲಿ ಹೇಳ್ತೀವಿ, ನಿಜವಾಗ್ಲೂ ಅವು ಎರಡು ಬೇರೆ ಬೇರೆ ಸಂತೆ. ಒಂದು ನಾಲ್ಕರಿಂದ ಎಂಟು ವರ್ಷದ ಪಾಪುಗಳದ್ದು, ಅಲ್ಲಿ ದುಡ್ಡು ಕೊಡೋದು ಅಪ್ಪ ಅಮ್ಮ. ಇನ್ನೊಂದು ಕೆಲಸಕ್ಕೆ ಹೋಗೋ ಹೆಂಗಸರದ್ದು, ಅವರು ತಮ್ಮ ಸಂಬಳದಲ್ಲಿ ತಾವೇ ಕೊಡ್ತಾರೆ. ನಡುವೆ ಇರೋ ನಿನ್ನಂಥ ಹದಿನೇಳರ ಹುಡುಗಿ ಪರ್ಸಲ್ಲಿ ಬಸ್ ಪಾಸ್ ಬಿಟ್ರೆ ಏನಿರುತ್ತೆ ಹೇಳು. ಅದಕ್ಕೇ ನಿನ್ನ ಕಥೆಗಳು ಅರ್ಧಕ್ಕೆ ನಿಲ್ಲೋದು.

ಉದಾಹರಣೆ ಬೇಕಾ? 'ಕಿಮಿ ನಿ ತೊದೊಕೆ' ಎರಡನೇ ಸೀಸನ್ ಬಂದಿದ್ದು 2011ರಲ್ಲಿ, ಮೂರನೇದು ಬಂದಿದ್ದು 2024ರಲ್ಲಿ, ನೆಟ್‌ಫ್ಲಿಕ್ಸಲ್ಲಿ. ಮಧ್ಯೆ ಹದಿಮೂರು ವರ್ಷ! ಎರಡನೇ ಸೀಸನ್ ನೋಡುವಾಗ ಹೈಸ್ಕೂಲಲ್ಲಿದ್ದೋಳು ಮೂರನೇದಕ್ಕೆ ಮಗೂನ ತೊಡೆ ಮೇಲೆ ಕೂರಿಸ್ಕೊಂಡು ನೋಡಿರ್ತಾಳೆ. 'ಫ್ರೂಟ್ಸ್ ಬಾಸ್ಕೆಟ್' ಕಥೇನೂ ಹಂಗೇ, 2001ರಲ್ಲಿ 26 ಎಪಿಸೋಡಿಗೆ ನಿಲ್ಲಿಸಿದ್ರು, ಆಗಿನ್ನೂ ಮಾಂಗಾನೇ ಮುಗಿದಿರ್ಲಿಲ್ಲ. ಆಮೇಲೆ 2019ರಿಂದ 2021ರ ತನಕ ಮೊದಲಿಂದ ಶುರು ಮಾಡಿ 63 ಎಪಿಸೋಡಲ್ಲಿ ಪೂರ್ತಿ ಮುಗಿಸಿದ್ರು. ಆಗ ನೋಡಿದ ಹುಡುಗೀರು ಈಗ ದುಡಿಯೋ ಹೆಂಗಸರಾಗಿದಾರಲ್ಲ, ಪರ್ಸ್ ತುಂಬಿದೆ, ಅದು ಗೊತ್ತಾಯ್ತು ಅವರಿಗೆ. ನೀನೂ ಒಂದು ಹದಿನೈದು ವರ್ಷ ಕಾಯಿ.

ಮೇಡಂ, ನಮ್ಮ ಮನ್ಯಾಗ ಆರು ವರ್ಷದ ಮಗಳದಾಳ. ಮಂತ್ರ ಹಾಕೂ ಹುಡುಗ್ಯಾರ ಅನಿಮೆ ನೋಡಿ ತನಗೂ ಆ ಮಿಂಚೂ ಕೋಲು ಬೇಕಂತ ದಿನಾ ಗಂಟು ಬೀಳ್ತಾಳ. ಆನ್‌ಲೈನ್‌ನ್ಯಾಗ ರೇಟ್ ನೋಡಿ ಎದಿ ಧಸಕ್ಕಂತು. ಇವನ್ನ ಮಾಡೂದ ಸಾಮಾನ ಮಾರಾಕೇನ್ರಿ?
– ಒಬ್ಬ ಅಪ್ಪ, ಹುಬ್ಬಳ್ಳಿ

ಹೌದ್ರಿ ಸರ, ಅದಕ್ಕಂತಲೇ. ಮುಚ್ಚುಮರೆ ಇಲ್ಲ. ಅಂದ್ರೆ ಅದರಲ್ಲಿ ಕಲೆ ಇಲ್ಲ ಅಂತಲ್ಲ, ಎರಡೂ ಒಟ್ಟಿಗೇ ಇದೆ.

1966ರಲ್ಲಿ 'ಮಾಹೊತ್ಸುಕಾಯ್ ಸ್ಯಾಲಿ' ಅಂತ ಒಂದು ಬಂತು, ಮಾಟದ ಲೋಕದಿಂದ ಭೂಮಿಗೆ ಬರೋ ಪುಟ್ಟ ಹುಡುಗಿ ಕಥೆ, ಅಮೆರಿಕದ ಮಾಟಗಾತಿ ಹೆಂಡತಿಯ ಟಿವಿ ಸೀರಿಯಲ್ಲು ಜಪಾನಲ್ಲಿ ಓಡ್ತಿತ್ತು, ಅದರ ಪ್ರಭಾವ. 1969ರಲ್ಲಿ 'ಹಿಮಿತ್ಸು ನೊ ಅಕ್ಕೊ-ಚಾನ್'. ಆ ಹುಡುಗಿ ಪೌಡರ್ ಡಬ್ಬಿ ಥರದ ಪುಟ್ಟ ಕನ್ನಡಿ ತೆಗೆದು ಮಂತ್ರ ಹೇಳಿದ್ರೆ ಬೇಕಾದ ರೂಪ ತಾಳ್ತಾಳೆ, ಆ ಕನ್ನಡಿ ಡಬ್ಬಿ ಅಂಗಡೀಲೂ ಸಿಗ್ತಿತ್ತು. ಅಲ್ಲಿಂದ ದಾರಿ ಸಲೀಸಾಯ್ತು ನೋಡಿ, ಹುಡುಗಿ ಕೈಲಿ ಒಂದು ವಸ್ತು ಇರ್ಬೇಕು, ಅದು ಪ್ರತಿ ವಾರ ಫಳಫಳ ಅನ್ನಬೇಕು.

1992ರಲ್ಲಿ ಬಂದ 'ಸೇಲರ್ ಮೂನ್' ಇದನ್ನ ಎಲ್ಲಿಗೋ ಒಯ್ದುಬಿಡ್ತು. ನಾವೊಕೊ ತಾಕೆಉಚಿ ಅನ್ನೋ ಹೆಣ್ಮಗಳು 'ನಾಕಯೊಶಿ' ಪತ್ರಿಕೇಲಿ ಮಾಂಗಾ ಬರೀತಿದ್ಲು, ಹೆಚ್ಚುಕಮ್ಮಿ ಅದೇ ಹೊತ್ತಿಗೆ ಟೊಯೆಯಿ ಅನಿಮೇಶನ್‌ನವರು ಟಿವಿಗೂ ತಂದ್ರು. ಅದಕ್ಕೆ ಮುಂಚೆ ಮಂತ್ರದ ಹುಡುಗಿ ಅಂದ್ರೆ ಊರವರಿಗೆ ಸಣ್ಣಪುಟ್ಟ ಸಹಾಯ ಮಾಡ್ಕೊಂಡು ಇರ್ತಿದ್ಲು. ಈಕೆ ಏನ್ ಮಾಡಿದ್ಲಪ್ಪಾ ಅಂದ್ರೆ ಗಂಡುಮಕ್ಕಳ ಬಣ್ಣಬಣ್ಣದ ಡ್ರೆಸ್ಸಿನ ಐದು ಜನರ ಹೀರೋ ಟೀಮ್ ಇರ್ತಿತ್ತಲ್ಲ, ಅದನ್ನ ಎತ್ಕೊಂಡು ಹುಡುಗೀರಿಗೆ ಹಾಕಿದ್ಲು. ಒಂದು ಕೋಲಿನ ಜಾಗದಲ್ಲಿ ಐದು! ಆಟದ ಸಾಮಾನು ಮಾಡೋ ಬಂದಾಯ್ ಕಂಪನಿಗೆ ಹಬ್ಬ. ಐದು ವರ್ಷ, 200 ಎಪಿಸೋಡು ನಡೀತು.

2004ರಿಂದ 'ಪ್ರಿಟಿ ಕ್ಯೂರ್', ಭಾನುವಾರ ಬೆಳಗ್ಗೆ ಎಂಟೂವರೆ. ಇದರ ಮೊದಲ ನಿರ್ದೇಶಕ 'ಡ್ರ್ಯಾಗನ್ ಬಾಲ್ ಜೆಡ್' ಮಾಡಿದ ಮನುಷ್ಯ, ಹಂಗಾಗಿ ಹುಡುಗೀರು ಕೋಲು ಬೀಸೋದು ಬಿಟ್ಟು ನೇರ ಗುದ್ದೋಕೇ ನಿಂತ್ರು, ನನಗೆ ಇವತ್ತಿಗೂ ಅದು ಇಷ್ಟ. ಆದ್ರೆ ನಿಮ್ಮಂಥ ಅಪ್ಪಂದಿರು ತಿಳ್ಕೋಬೇಕಾದ್ದು ಬೇರೆ: ಹೆಚ್ಚುಕಮ್ಮಿ ಪ್ರತಿ ವರ್ಷ ಫೆಬ್ರವರಿಯಲ್ಲಿ ಹಳೇ ಟೀಮ್ ಹೋಗಿ ಹೊಸ ಟೀಮ್ ಬರುತ್ತೆ, ಹೊಸ ಹುಡುಗೀರು, ಹೊಸ ಡ್ರೆಸ್, ಹೊಸ ಕೋಲು. ಹೋದ ವರ್ಷ ತಂದಿದ್ದು ಈ ವರ್ಷ ಹಳೇದು. ಇದರ ಸಿನಿಮಾಗೆ ಹೋದ್ರೆ ಬಹಳ ವರ್ಷ ಮಕ್ಕಳ ಕೈಗೆ ಒಂದು ಪುಟ್ಟ ಲೈಟು ಕೊಡ್ತಿದ್ರು, ಹೀರೋಯಿನ್ ಸೋತು ಬಿದ್ದಾಗ ತೆರೆ ಮೇಲಿಂದಲೇ ಎಲ್ರೂ ಲೈಟ್ ಬೀಸಿ ಅಂತ ಕೇಳ್ತಿದ್ರು, ಕತ್ತಲಲ್ಲಿ ಇಡೀ ಥಿಯೇಟರ್ ತುಂಬಾ ಪುಟಾಣಿ ಕೈಗಳು ಬೀಸ್ತಿದ್ವು. ಲೈಟು ಮಕ್ಕಳಿಗೆ ಮಾತ್ರ, ದೊಡ್ಡೋರಿಗೆ ಕೊಡ್ತಿರ್ಲಿಲ್ಲ. ಎಂಥಾ ತಲೆ ನೋಡಿ, ಆರು ವರ್ಷದ ಕೂಸಿಗೆ ತಾನೇ ಹೀರೋಯಿನ್ನನ್ನ ಬದುಕಿಸಿದೆ ಅನ್ಸಿದ್ ಮೇಲೆ ಹೊರಗೆ ಬಂದು ಕೋಲು ಕೇಳದೇ ಇರುತ್ತಾ.

ಇನ್ನೊಂದು ತಮಾಷೆ. ಸೇಲರ್ ಮೂನ್ ನೋಡಿ ಬೆಳೆದ ಮಕ್ಕಳಿಗೆ ಈಗ ನಲವತ್ತರ ಹತ್ರ, ಬಂದಾಯ್‌ನವರು ಆ ಹೆಂಗಸರಿಗೋಸ್ಕರ ಅದೇ ಮಂತ್ರದ ಡಬ್ಬಿ ಆಕಾರದಲ್ಲಿ ನಿಜವಾದ ಮುಖದ ಪೌಡರ್ ತಂದಿದಾರೆ. ಆಗ ಅಪ್ಪನ ಜೇಬಿಂದ ಪ್ಲಾಸ್ಟಿಕ್ ಡಬ್ಬಿ, ಈಗ ಅವಳದೇ ಜೇಬಿಂದ ಪೌಡರ್ ಡಬ್ಬಿ.

ನಿಮ್ಮ ಮಗಳಿಗೆ ರಟ್ಟು, ಜರಿ ಪೇಪರ್, ಒಂದು ಹಳೇ ಬಳೆ ಸಾಕ್ರಿ, ನೀವೇ ಕೂತು ಮಾಡಿಕೊಡ್ರಿ.

ಶೋಜೋ, ಜೋಸೇಯ್, ಶೋನೆನ್ ಅಂತೆಲ್ಲ ಹೇಳ್ತಾರಲ್ಲ, ಏನ್ ವ್ಯತ್ಯಾಸ?
– ತುಮಕೂರು

ಶೋಜೋ ಹುಡುಗೀರಿಗೆ, ಜೋಸೇಯ್ ದೊಡ್ಡ ಹೆಂಗಸರಿಗೆ, ಶೋನೆನ್ ಹುಡುಗರಿಗೆ. ಆದ್ರೆ ಇವು ಕಥೆಯ ಜಾತಿ ಅಲ್ಲ, ಮಾಂಗಾ ಬಂದ ಪತ್ರಿಕೆ ಅಂಗಡೀಲಿ ಯಾವ ಕಪಾಟಲ್ಲಿತ್ತು ಅನ್ನೋದು ಅಷ್ಟೇ. 'ನಾಕಯೊಶಿ', 'ರಿಬೊನ್' ಎರಡೂ 1955ರ ಹೊತ್ತಿಗೆ ಶುರುವಾದ ಹುಡುಗೀರ ಪತ್ರಿಕೆಗಳು, 'ಹಾನಾ ತೊ ಯುಮೆ' 1974ರದ್ದು. ಓದೋರು ಕಪಾಟು ನೋಡ್ಕೊಂಡು ಓದಲ್ಲ, ಹುಡುಗರ 'ಶೋನೆನ್ ಜಂಪ್' ಹೆಂಗಸರೂ ಓದ್ತಾರೆ, ಮುಂದಿನ ಪತ್ರದಲ್ಲಿ ಅದೇ ವಿಷ್ಯ.

ನನಗೆ 34, ಐಟಿ ಕೆಲಸ, ಮದುವೆ ಆಗಿದೆ. ಹುಡುಗರ ವಾಲಿಬಾಲ್, ಈಜು, ಸೈಕಲ್ ರೇಸಿನ ಅನಿಮೆ ಬಿಟ್ಟು ಬೇರೇನೂ ನೋಡಲ್ಲ. ಆಫೀಸಲ್ಲಿ ಗೊತ್ತಾಗಿ ನಗ್ತಾರೆ. ನಾನೊಬ್ಬಳೇನಾ ಹಿಂಗೆ?
– ಬೆಂಗಳೂರು

ನೀವೊಬ್ರೇನಾ! ನಿಮ್ಮಂಥವರ ಮೇಲೇ ಆ ಇಂಡಸ್ಟ್ರಿಯ ದೊಡ್ಡ ಭಾಗ ನಿಂತಿರೋದು ಕಣ್ರೀ. ಆಫೀಸಿನವರಿಗೆ ಇದನ್ನ ಕತ್ತರಿಸಿ ತೋರಿಸಿ.

1975ರ ಡಿಸೆಂಬರಲ್ಲಿ ಟೋಕಿಯೋದಲ್ಲಿ ಕಾಮಿಕ್ ಮಾರ್ಕೆಟ್ ಅಂತ ಒಂದು ಸಣ್ಣ ಸಂತೆ ಶುರುವಾಯ್ತು, ಅಭಿಮಾನಿಗಳೇ ಬರೆದು ಅಚ್ಚು ಹಾಕಿಸಿದ ಪುಸ್ತಕ ಮಾರೋ ಸಂತೆ, 32 ಗುಂಪು, ಸುಮಾರು 700 ಜನ. ಅವತ್ತು ಬಂದವರಲ್ಲಿ ಬಹುಪಾಲು ಶೋಜೋ ಮಾಂಗಾ ಓದೋ ಹುಡುಗೀರು. ಎಂಬತ್ತರ ದಶಕದಲ್ಲಿ 'ಕ್ಯಾಪ್ಟನ್ ತ್ಸುಬಾಸಾ' ಅಂತ ಹುಡುಗರ ಫುಟ್‌ಬಾಲ್ ಕಥೆ ಬಂತಲ್ಲ, ಅದನ್ನ ಇಟ್ಕೊಂಡು ಹೆಂಗಸರು ತಮ್ಮದೇ ಕಥೆ ಬರೆಯೋಕೆ ಶುರು ಮಾಡಿದ್ರು, ಮೈದಾನದಲ್ಲಿ ಆಗಿದ್ದಕ್ಕಿಂತ ಮ್ಯಾಚ್ ಮುಗಿದ್ಮೇಲೆ ಆ ಇಬ್ಬರು ಏನ್ ಮಾತಾಡ್ಕೊಂಡಿರಬಹುದು ಅನ್ನೋದೇ ಇವರಿಗೆ ಮುಖ್ಯ. ಯಾರೂ ಇವರನ್ನ ಕರೆದಿರಲಿಲ್ಲ. ಹುಡುಗರಿಗೆ ಅಂತ ಹಾಕಿದ ಚಪ್ಪರದೊಳಗೆ ತಾವೇ ಬಂದು ಕೂತ್ರು, ಕೂತ ಮೇಲೆ ಏಳಲಿಲ್ಲ.

ಇಂಡಸ್ಟ್ರಿಯವರು ಇದನ್ನ ಕದ್ದು ನೋಡ್ತಾ ನೋಡ್ತಾ ಪಾಠ ಕಲಿತ್ರು ಅನ್ನೋದು ನನ್ನ ವಾದ. 2003ರಲ್ಲಿ 'ಪ್ರಿನ್ಸ್ ಆಫ್ ಟೆನಿಸ್' ಅನ್ನೋ ಜಂಪ್ ಪತ್ರಿಕೆಯ ಟೆನಿಸ್ ಕಥೇನ ನಾಟಕ ಮಾಡಿದ್ರು, ಹಾಡು, ಕುಣಿತ, ಹೊಸ ಹುಡುಗರು. ಚೆಂಡು ಇಲ್ಲ ರಂಗದ ಮೇಲೆ, ಲೈಟು ಮತ್ತೆ ಟಪ್ ಅನ್ನೋ ಸದ್ದು ಮಾತ್ರ, ನಮ್ಮ ಬಯಲಾಟದಲ್ಲಿ ಕುದುರೆ ಇಲ್ದೆ ಕುದುರೆ ಏರಲ್ವಾ, ಹಂಗೆ. ಸೀಟು ತುಂಬಿಸಿದ್ದು ಹೆಂಗಸರು. ಈಗ ಇಂಥ ನಾಟಕಗಳಿಗೆ 'ಎರಡೂವರೆ ಆಯಾಮ' ಅಂತ ಹೆಸರೇ ಬಿದ್ದಿದೆ, 2014ರಲ್ಲಿ ಇವರದ್ದೇ ಒಂದು ಸಂಘವೂ ಆಯ್ತು. ಹೆಂಗಸರಿಗೆ ಇದೇನು ಹೊಸದಲ್ಲ ಬಿಡಿ, 1974ರಲ್ಲೇ 'ರೋಸ್ ಆಫ್ ವರ್ಸೇಲ್ಸ್' ಮಾಂಗಾನ ತಾಕಾರಾಜುಕಾದ ಹೆಣ್ಮಕ್ಕಳ ನಾಟಕ ಕಂಪನಿ ಆಡಿ ಊರೆಲ್ಲಾ ಹುಚ್ಚು ಹಿಡಿಸಿತ್ತು.

ಆಮೇಲೆ ನಿಮ್ಮ ಈಜು. 2013ರಲ್ಲಿ ಕ್ಯೋಟೋ ಅನಿಮೇಶನ್‌ನವರು ಒಂದು ಪುಟ್ಟ ಜಾಹೀರಾತು ಬಿಟ್ರು, ನಾಲ್ಕೈದು ಹುಡುಗರು ಈಜುಕೊಳದಲ್ಲಿ, ಅಷ್ಟೇ, ಕಥೆ ಇಲ್ಲ ಏನಿಲ್ಲ. ಜಪಾನಿನ ಹೊರಗಿನ ಹುಡುಗೀರೂ ಸೇರಿ ರಾತ್ರೋರಾತ್ರಿ ಆ ಹುಡುಗರಿಗೆ ಹೆಸರಿಟ್ಟು ಸ್ವಭಾವ ಕೊಟ್ಟು ಕಥೆ ಕಟ್ಟಿಬಿಟ್ರು. ಅದೇ ಬೇಸಿಗೇಲಿ 'ಫ್ರೀ!' ಸೀರೀಸ್ ಬಂತು, ನಿರ್ದೇಶಕಿ ಹಿರೋಕೊ ಉತ್ಸುಮಿ, ಹೆಣ್ಮಗಳೇ. ಕ್ಯಾಮೆರಾ ಆ ಹುಡುಗರನ್ನ ನೋಡೋ ರೀತೀಲೇ ಗೊತ್ತಾಗುತ್ತೆ ಬಿಡಿ.

ಇದಕ್ಕೆಲ್ಲ ಕಿರೀಟ ಅಂದ್ರೆ 2015ರ 'ಒಸೊಮತ್ಸು-ಸಾನ್'. ಮೂಲ 1962ರ ಮಕ್ಕಳ ನಗೆ ಮಾಂಗಾ, ಒಂದೇ ಹೆರಿಗೇಲಿ ಹುಟ್ಟಿದ, ಒಂದೇ ಥರ ಇರೋ ಆರು ಹುಡುಗರು. ಅವರನ್ನ ದೊಡ್ಡೋರು ಮಾಡಿ, ಕೆಲಸ ಇಲ್ಲ ಕಾರ್ಯ ಇಲ್ಲ ಅಪ್ಪನ ಮನೇಲಿ ಬಿದ್ದಿರೋ ಸೋಂಬೇರಿಗಳು ಅಂತ ತೋರಿಸಿದ್ರು. ನೋಡೋಕೆ ಚೆಂದಾನೂ ಇಲ್ಲ. ಹೆಂಗಸರು ಮುಗಿಬಿದ್ರು! ಸುಂದರ ಹುಡುಗರನ್ನ ಸಾಲಾಗಿ ನಿಲ್ಲಿಸಿದ್ರೆ ಸಾಕು ಅಂದ್ಕೊಂಡಿದ್ದವರ ಲೆಕ್ಕ ತಲೆಕೆಳಗಾಯ್ತು. ಆರೂ ಮುಖ ಒಂದೇ, ಸ್ವಭಾವ ಆರು ಥರ, ಆ ಸಣ್ಣ ವ್ಯತ್ಯಾಸ ಹುಡುಕೋದೇ ಇವರಿಗೆ ಸುಖ. ಅಲ್ಲಾ, ನಮ್ಮ ಮನೆಗಳಲ್ಲಿ ಇಂಥ ಮೈದುನಂದಿರಿಗೆ ಬಡಿಸಿ ಬಡಿಸಿ ಸಾಕಾಗಿರೋ ನಮಗೆ ಟಿವೀಲೂ ಅವರೇ ಬೇಕಾ ಅಂತ ನಾನು ಕೇಳ್ಕೊಂಡಿದ್ದುಂಟು, ಆದ್ರೂ ಎರಡು ಸೀಸನ್ ನೋಡಿದೆ.

ನಾನು ಕೆಲಸದ ಮೇಲೆ ಯೊಕೊಹಾಮಾದಲ್ಲಿದೀನಿ, ಊರು ಹಾಸನ. ನನ್ನ ಟೀಮಿನ ಜಪಾನಿ ಹುಡುಗಿ ಬಲು ಜಾಣೆ, ಆದ್ರೆ ಅವಳ ಬ್ಯಾಗಲ್ಲಿ ಒಂದೇ ಕಾರ್ಟೂನ್ ಹುಡುಗನ ಮುಖದ ನಲವತ್ತು ಬ್ಯಾಡ್ಜು! ಎಲ್ಲಾ ಒಂದೇ ಚಿತ್ರ. ಕೇಳೋಕೆ ಸಂಕೋಚ. ಏನಿದು?
– ಹಾಸನದವ

ಅದಕ್ಕೆ 'ಇತಾಬ್ಯಾಗ್' ಅಂತಾರೆ, 'ನೋವಿನ ಚೀಲ' ಅಂತ ಅರ್ಥ ಬರುತ್ತೆ, ನೋಡೋರ ಕಣ್ಣಿಗೆ ನೋವೋ ಪರ್ಸಿಗೆ ನೋವೋ ನೀವೇ ಹೇಳಿ. ಆ ಹುಡುಗ ಅವಳ 'ಓಶಿ', ಅಂದ್ರೆ ತಾನು ಬೆನ್ನಿಗೆ ನಿಂತಿರೋ ಪಾತ್ರ. ನಮ್ಮಲ್ಲಿ ಸಿನಿಮಾ ಹೀರೋ ಕಟೌಟಿಗೆ ಹಾಲು ಹೊಯ್ಯಲ್ವಾ, ಅವಳು ಸದ್ದಿಲ್ದೆ ಬ್ಯಾಗಲ್ಲಿ ಮಾಡ್ತಿದಾಳೆ.

ಬಿಡುವಾದ್ರೆ ಒಂದು ಭಾನುವಾರ ಟೋಕಿಯೋದ ಇಕೆಬುಕುರೋಗೆ ಹೋಗಿ ಬನ್ನಿ. ಗಂಡಸರ ಅನಿಮೆ ಪೇಟೆ ಅಕಿಹಬಾರಾ ಆದ್ರೆ ಹೆಂಗಸರದ್ದು ಇಕೆಬುಕುರೋ. ಸನ್‌ಶೈನ್ ಸಿಟಿ ಕಟ್ಟಡದ ಎದುರಿನ ರಸ್ತೆಗೆ 'ಒತೊಮೆ ರೋಡ್', ಕನ್ಯಾಬೀದಿ ಅಂತಲೇ ಹೆಸರು. ಅನಿಮೇಟ್ ಅಂಗಡಿಯ ಮುಖ್ಯ ಮಳಿಗೆ ಅಲ್ಲೇ ಹತ್ರ ಇದೆ, 2006ರಿಂದ 'ಸ್ವಾಲೋಟೇಲ್' ಅಂತ ಒಂದು ಕೆಫೆ ಕೂಡ, ಕೋಟು ಹಾಕಿದ ಬಟ್ಲರ್‌ಗಳು ಬಾಗಿಲಲ್ಲೇ ತಲೆ ಬಾಗಿಸಿ 'ಮನೆಗೆ ಬಂದಿರಾ ಚಿಕ್ಕಮ್ಮಣ್ಣಿ' ಅನ್ನೋ ಧಾಟೀಲಿ ಸ್ವಾಗತ ಮಾಡ್ತಾರೆ.

ಬ್ಯಾಡ್ಜಿನ ಗುಟ್ಟು ಏನು ಗೊತ್ತಾ, ಕವರ್ ಒಳಗೆ ಯಾವ ಮುಖ ಇದೆ ಅಂತ ತೆಗೆಯೋ ತನಕ ಗೊತ್ತಾಗಲ್ಲ. ಒಂದಕ್ಕೆ ನಾನೂರು ಐನೂರು ಯೆನ್. ಹತ್ತು ಪಾತ್ರ ಇದ್ರೆ ನಿಮಗೆ ಬೇಕಾದ್ದು ಸಿಗೋ ಅದೃಷ್ಟ ಹತ್ತರಲ್ಲಿ ಒಂದು. ಹಾಗಾಗಿ ನಲವತ್ತು ಒಂದೇ ಮುಖ ಅಂದ್ರೆ ಸುಮ್ನೆ ಅಲ್ಲ ಸ್ವಾಮಿ, ಅದು ತಪಸ್ಸು. ನಾನು ಒಂದ್ಸಲ ಅಲ್ಲಿಗೆ ಹೋದಾಗ ಮೂರು ಕವರ್ ತಗೊಂಡೆ, ಮೂರರಲ್ಲೂ ಒಬ್ಬನೇ ಬಂದ, ಅದೂ ಕಥೇಲಿ ಎರಡೇ ಸೀನಲ್ಲಿ ಬರೋ ಕನ್ನಡಕದವನು. ಹತ್ರದ ಪಾರ್ಕಲ್ಲಿ ನೋಡಿದ್ರೆ ಹುಡುಗೀರು ನೆಲದ ಮೇಲೆ ಶೀಟ್ ಹಾಸ್ಕೊಂಡು, ತರಕಾರಿ ಗುಡ್ಡೆ ಹಾಕಿದ ಹಾಗೆ ಬ್ಯಾಡ್ಜ್ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಪ್ಲಾಸ್ಟಿಕ್ ಕವಚ ಹಾಕಿ, ಫೋನಲ್ಲಿ 'ಕೊಡೋದು ಇದು, ಬೇಕಾಗಿರೋದು ಇದು' ಅಂತ ಬರೆದಿಟ್ಕೊಂಡು ಕೂತಿದಾರೆ. ಭಾಷೆ ಬರಲ್ಲ, ನಾನು ಕನ್ನಡಕದವನನ್ನ ತೋರಿಸಿದೆ, ಒಂದು ಹುಡುಗಿ ಕಣ್ಣರಳಿಸಿ ಎರಡೂ ಕೈಲಿ ಇಸ್ಕೊಂಡ್ಲು, ಅವಳ ಓಶಿ ಅವನೇ ಅಂತೆ! ನನಗೆ ಬೇಕಾದವನನ್ನ ಕೊಟ್ಟು ನಾಲ್ಕು ಸಲ ಬಗ್ಗಿ ನಮಸ್ಕಾರ ಮಾಡಿದ್ಲು. ಆ ಖುಷಿ ಸುಳ್ಳಲ್ಲ. ಆದ್ರೂ ಹೇಳ್ತೀನಿ, ಮುಖ ಮುಚ್ಚಿ ಮಾರೋದು ಲಾಟರಿನೇ. ಮೊದಲ ಸಂಬಳದ ಹುಡುಗೀರು ಬಾಕ್ಸ್‌ಗಟ್ಲೆ ತಗೊಳ್ಳೋದು ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ, ಮುಖ ತೋರಿಸಿ ಮಾರಿದ್ರೆ ಅವರ ಗಂಟೇನು ಹೋಗುತ್ತೆ.

ಡಿವಿಡಿ ಕಾಲದಲ್ಲೂ ಇದೇ ಬುದ್ಧಿ ಇತ್ತು, ಒಂದು ಡಿಸ್ಕಲ್ಲಿ ಎರಡೇ ಎಪಿಸೋಡು, ಬೆಲೆ ಆರೇಳು ಸಾವಿರ ಯೆನ್, ಒಳಗೆ ದನಿ ಕೊಟ್ಟ ನಟರ ಕಾರ್ಯಕ್ರಮದ ಟಿಕೆಟಿಗೆ ಮೊದಲು ಅರ್ಜಿ ಹಾಕೋ ಒಂದು ಚೀಟಿ. ಡಿಸ್ಕ್ ಯಾರಿಗೆ ಬೇಕು, ಚೀಟಿ ಬೇಕು.

ಅವಳನ್ನ ಸಂಕೋಚ ಇಲ್ದೆ ಕೇಳಿ, ನಿಮ್ಮ ಓಶಿ ಯಾರು ಅಂತ. ಊಟದ ಬಿಡುವು ಸಾಲದು ಅವಳಿಗೆ.

ಹುಡುಗೀರಿಗೆ ಅಂತ ಮಾಡಿದ ಮೊದಲ ಗೇಮ್ ಯಾವುದು? ನನ್ನ ಅಣ್ಣ ಹುಡುಗೀರಿಗೆ ಯಾವ ಗೇಮೂ ಇಲ್ಲ ಅಂತಾನೆ.
– ಹತ್ತನೇ ಕ್ಲಾಸು, ಶಿವಮೊಗ್ಗ

ಅಣ್ಣನಿಗೆ ಹೇಳು, 1994ರಲ್ಲಿ ಸೂಪರ್ ಫ್ಯಾಮಿಕಾಮ್ ಅನ್ನೋ ವಿಡಿಯೋ ಗೇಮ್ ಯಂತ್ರಕ್ಕೆ 'ಏಂಜೆಲೀಕ್' ಅಂತ ಬಂತು, ಹುಡುಗೀರಿಗೆ ಅಂತ ಮಾಡೋ ಪ್ರೇಮಕಥೆ ಗೇಮಿಗೆ ಒತೊಮೆ ಗೇಮ್ ಅಂತ ಈಗ ಕರೀತಾರಲ್ಲ, ಅದರ ಮೊದಲನೇದು ಅದೇ. ಮಾಡಿದ್ದು ಕೊಯೆಯಿ, ಯುದ್ಧದ ಗೇಮಿಗೆ ಹೆಸರಾದ ಕಂಪನಿ! ಅದನ್ನ ಕಟ್ಟಿದ ದಂಪತಿಯಲ್ಲಿ ಕೇಯ್ಕೊ ಎರಿಕಾವಾ ಅನ್ನೋ ಆ ಯಮ್ಮ ಹೆಂಗಸರ ಒಂದು ಟೀಮ್ ಕಟ್ಟಿ 'ರೂಬಿ ಪಾರ್ಟಿ' ಅಂತ ಹೆಸರಿಟ್ಟು ಮಾಡಿಸಿದ್ರು. ಆಟ ಏನಪ್ಪಾ ಅಂದ್ರೆ ನೀನು ರಾಣಿ ಪಟ್ಟಕ್ಕೆ ಸ್ಪರ್ಧಿ, ಒಂದು ಖಂಡ ಬೆಳೆಸ್ಬೇಕು, ಸುತ್ತ ಒಂಬತ್ತು ಜನ ರಕ್ಷಕರು, ಒಬ್ಬೊಬ್ರದ್ದೂ ಒಂದೊಂದು ಸ್ವಭಾವ. ಪ್ರೀತಿ ಬೇಕಾ ಪಟ್ಟ ಬೇಕಾ ನೀನೇ ಆರಿಸ್ಬೇಕು. ಒಬ್ಬೊಬ್ಬನಿಗೂ ಒಂದು ಬಣ್ಣ, ಒಂದು ದನಿ ಅನ್ನೋ ಈ ಅಚ್ಚಲ್ಲೇ ಆಮೇಲಿನ ಎಷ್ಟೋ ಬಂದಿರೋದು, 2010ರಲ್ಲಿ ಗೇಮಾಗಿ ಬಂದು ಮರುವರ್ಷ ಅನಿಮೆ ಆದ ಹಾಡುಗಾರ ಹುಡುಗರ 'ಉತಾ ನೊ ಪ್ರಿನ್ಸ್-ಸಾಮಾ' ಕೂಡ. ಎಸ್ಸೆಸ್ಸೆಲ್ಸಿ ಮುಗಿಸಿ ಆಡು.

ಮಗಳು ಹುಡುಗ ಹುಡುಗರ ಪ್ರೀತಿ ಕಥೆ ಓದ್ತಾಳೆ, ನೋಡ್ತಾಳೆ. ವಯಸ್ಸು 19. ಕೇಳಿದ್ರೆ ಎಲ್ರೂ ಓದ್ತಾರಮ್ಮ ಅಂತಾಳೆ. ನನಗೆ ರಾತ್ರಿ ನಿದ್ದೆ ಬರಲ್ಲ.
– ಒಬ್ಬ ತಾಯಿ, ಮೈಸೂರು

ನಿದ್ದೆ ಮಾಡಿ ತಾಯಿ. ಅವಳು ಹೇಳಿದ್ದು ನಿಜ, ಇದು ಇವತ್ತಿನದಲ್ಲ, ನಿಮ್ಮ ವಯಸ್ಸಿನದ್ದು. ಕೇಯ್ಕೊ ತಾಕೆಮಿಯಾ ಅನ್ನೋ ಲೇಖಕಿ 1976ರಲ್ಲೇ ಹುಡುಗೀರ ಪತ್ರಿಕೇಲಿ ಇಂಥ ಕಥೆ ಬರೆದಿದ್ರು, 1978ರಲ್ಲಿ ಇದಕ್ಕೇ ಅಂತ ಒಂದು ಪತ್ರಿಕೇನೂ ಬಂತು. ಬರೆಯೋರೂ ಹೆಂಗಸರು, ಓದೋರೂ ಬಹುಪಾಲು ಹೆಂಗಸರು. ಯಾಕೆ ಅಂತ ನನ್ನ ಕೇಳಿದ್ರೆ, ಹುಡುಗ ಹುಡುಗಿ ಕಥೇಲಿ ಹುಡುಗಿ ಏನ್ ಮಾಡಿದ್ರೂ ಅವಳ ಜಾಗದಲ್ಲಿ ನಾವೇ ನಿಂತ ಹಾಗೆ, ಅಡುಗೆ ಮಾಡ್ಬೇಕು, ಸಹಿಸ್ಬೇಕು, ಅತ್ತೆ ಬರ್ತಾಳೆ. ಇಲ್ಲಿ ಅದ್ಯಾವುದೂ ಇಲ್ದೆ ಪ್ರೀತಿ ಒಂದನ್ನೇ ದೂರದಿಂದ ನೋಡಬಹುದು. ತಪ್ಪಿದ್ರೆ ತಿದ್ದಿ.

ಫೂಜಿ ಟಿವಿಯಲ್ಲಿ 'ನೊಯಿತಾಮಿನಾ' ಅಂತ ರಾತ್ರಿ ಹೊತ್ತಿನ ಒಂದು ಸ್ಲಾಟ್ ಇದೆ, 'ಅನಿಮೇಶನ್' ಅನ್ನೋದರ ಇಂಗ್ಲಿಷ್ ಅಕ್ಷರಗಳನ್ನ ಹಿಂದಿನಿಂದ ಓದಿದ ಹೆಸರು, 2005ರಲ್ಲಿ ಅದನ್ನ ಶುರು ಮಾಡಿದ್ದೇ ಅನಿಮೆ ನೋಡದ ದೊಡ್ಡ ಹೆಂಗಸರನ್ನ ಸೆಳೆಯೋಕೆ. ಅಲ್ಲಿ 2019ರಲ್ಲಿ 'ಗಿವನ್' ಬಂತು, ಆ ಸ್ಲಾಟಿನ ಮೊದಲ ಇಂಥ ಕಥೆ, ಸತ್ತ ಗೆಳೆಯನ ಗಿಟಾರ್ ಹೊತ್ಕೊಂಡು ತಿರುಗೋ ಹುಡುಗಂದು, ನಿಮಗೂ ಕಣ್ಣೀರು ಬರುತ್ತೆ. 2016ರ 'ಯೂರಿ ಆನ್ ಐಸ್' ಸ್ಕೇಟಿಂಗ್ ಕಥೆ, ನಿರ್ದೇಶಕಿ ಸಾಯೊ ಯಮಾಮೊತೊ, ಪ್ರಪಂಚದ ತುಂಬ ಹೆಂಗಸರು ಹುಚ್ಚಾದ್ರು, ಇದರ ಸಿನಿಮಾ ಬರುತ್ತೆ ಬರುತ್ತೆ ಅಂತ ಏಳು ವರ್ಷ ಕಾಯಿಸಿ 2024ರಲ್ಲಿ ಇಲ್ಲ ಅಂದುಬಿಟ್ರು. ನಿಮ್ಮ ಮಗಳು ಆ ದಿನ ಊಟ ಬಿಟ್ಟಿದ್ರೆ ಕಾರಣ ಅದೇ ಇರ್ಬೇಕು. ಇದರಲ್ಲಿ ದೊಡ್ಡವರಿಗೆ ಮಾತ್ರ ಅಂತ ಇರೋವೂ ಇವೆ, ಮನೇಲಿ ತಂಗಿ ಇದ್ರೆ ಅವಳ ಕೈಗೆ ಸಿಗದ ಹಾಗೆ ಇಡು ಅಂತ ಹೇಳಿ, ಅಷ್ಟು ಸಾಕು.

ಅನಿಮೆ, ಗೇಮ್ ನೋಡಿ ಜಪಾನಲ್ಲಿ ಹೆಣ್ಮಕ್ಕಳು ಮ್ಯೂಸಿಯಂಗೆ ಸಾಲುಗಟ್ಟಿ ಹೋಗ್ತಾರಂತೆ, ನಂಬಬಹುದಾ? ನಾನು ಇತಿಹಾಸದ ಮೇಷ್ಟ್ರು, ನಮ್ಮ ಮಕ್ಕಳನ್ನ ಹಳೇಬೀಡಿಗೆ ಕರ್ಕೊಂಡು ಹೋದ್ರೆ ಸೆಲ್ಫಿ ತಗೊಂಡು ವಾಪಸ್ ಬರ್ತಾರೆ.
– ಚಿತ್ರದುರ್ಗ

ನಂಬಿ ಸಾರ್. 2015ರಲ್ಲಿ 'ತೋಕೆನ್ ರಾಂಬು' ಅಂತ ಗೇಮ್ ಬಂತು, ಜಪಾನಿನ ಚಾರಿತ್ರಿಕ ಖಡ್ಗಗಳೆಲ್ಲ ಅದರಲ್ಲಿ ಗಂಡಸಿನ ರೂಪ ತಾಳ್ತವೆ, ಆಮೇಲೆ ಅನಿಮೆ, ನಾಟಕ ಎಲ್ಲಾ ಆಯ್ತು. ಹುಡುಗೀರಿಗೆ ಅಸಲಿ ಖಡ್ಗ ನೋಡೋ ಆಸೆ ಹುಟ್ತು. 2017ರಲ್ಲಿ ಅಶಿಕಾಗಾ ಅನ್ನೋ ಊರಲ್ಲಿ 'ಯಮಾನ್‌ಬಾಗಿರಿ ಕುನಿಹಿರೋ' ಖಡ್ಗಾನ ಒಂದು ತಿಂಗಳು ಇಟ್ಟಿದ್ದಕ್ಕೆ 37 ಸಾವಿರಕ್ಕೂ ಮೇಲೆ ಜನ ಬಂದ್ರು. ಗಾಜಿನ ಮುಂದೆ ನಿಂತು ಅಲಗಿನ ಮೇಲಿನ ಅಲೆ ಗೆರೆ ಯಾವ ಪದ್ಧತಿ ಅಂತ ಮಾತಾಡ್ಕೊಳ್ಳೋ ಹುಡುಗೀರಿದಾರೆ. 'ಫ್ರೀ!' ಕಥೆಯ ಊರಿಗೆ ಮಾದರಿ ಆದ ತೊತ್ತೊರಿಯ ಇವಾಮಿ, 'ಯೂರಿ' ಕಥೆಗೆ ಮಾದರಿ ಆದ ಸಾಗಾದ ಕರಾತ್ಸು, ಈ ಸಣ್ಣ ಊರುಗಳಿಗೆಲ್ಲ ಅಭಿಮಾನಿಗಳು ಯಾತ್ರೆ ಹೋಗ್ತಾರೆ, ಅದಕ್ಕೆ ತೀರ್ಥಯಾತ್ರೆ ಅನ್ನೋ ಪದಾನೇ ಬಳಸೋದು. ಹಳೇಬೀಡಿನ ಗೋಡೆಯ ಒಂದೊಂದು ಶಿಲ್ಪಕ್ಕೂ ಒಂದೊಂದು ಸ್ವಭಾವ ಕೊಟ್ಟು ಕಥೆ ಬರೀರಿ ಅಂತ ಮಕ್ಕಳಿಗೆ ಹೋಮ್‌ವರ್ಕ್ ಕೊಟ್ಟು ನೋಡಿ.

ಫ್ರೀ ಸೈಟಲ್ಲಿ ಎಲ್ಲಾ ಸಿಗುತ್ತೆ, ದುಡ್ಡು ಕೊಟ್ಟು ಯಾಕೆ ನೋಡ್ಬೇಕು?
– ಬೆಳಗಾವಿ

ಯಾಕಂದ್ರೆ ಈಗ ಲೆಕ್ಕ ಬದಲಾಗಿದೆ. ಬ್ಯಾಡ್ಜು ಕೊಳ್ಳದ ನಮ್ಮಂಥವರೂ ಲೆಕ್ಕಕ್ಕೆ ಬರೋದು ಸ್ಟ್ರೀಮಿಂಗಲ್ಲಿ ಮಾತ್ರ. 2023ರ 'ಮೈ ಹ್ಯಾಪಿ ಮ್ಯಾರೇಜ್' ನೋಡಿ, ಮಲತಾಯಿ ಕಾಟದ ಹುಡುಗಿ, ಸಿಡುಕ ಗಂಡು, ಅಪ್ಪಟ ನಮ್ಮ ಕಾದಂಬರಿಗಳ ಥರ, ಅದು ನೆಟ್‌ಫ್ಲಿಕ್ಸಲ್ಲಿ ಊರೂರು ದಾಟಿ ಎರಡನೇ ಸೀಸನ್ನೂ ಕಂಡ್ತು. ಅನಿಮೆ ಸ್ಟ್ರೀಮಿಂಗ್ ಕಂಪನಿ ಕ್ರಂಚಿರೋಲ್‌ನವರು ಹಿಂದಿ, ತಮಿಳು, ತೆಲುಗಿಗೆ ಡಬ್ ಮಾಡ್ತಿದಾರೆ, ಅಲ್ಲಿ ನೋಡೋ ತಲೆ ಕಂಡಿದ್ದಕ್ಕೆ. ಕನ್ನಡದಲ್ಲಿ ಬೇಕು ಅಂದ್ರೆ ನಮ್ಮ ತಲೆ ಎಣಿಕೆಗೆ ಸಿಗೋ ಜಾಗದಲ್ಲಿ ನೋಡ್ಬೇಕು. ಮೇಲೆ ದಾವಣಗೆರೆ ಹುಡುಗಿ ಕೇಳಿದ ಹನ್ನೆರಡು ಎಪಿಸೋಡಿನ ಗೋಳಿಗೂ ಇದೇ ಔಷಧಿ, ಹದಿಮೂರು ವರ್ಷದ ಮೇಲೆ ಮೂರನೇ ಸೀಸನ್ ಬಂದಿದ್ದು ನೆಟ್‌ಫ್ಲಿಕ್ಸಲ್ಲೇ ಅನ್ನೋದು ಮರೀಬೇಡಿ.

ನಾನು ನಿವೃತ್ತ ಕನ್ನಡ ಟೀಚರ್, 63 ವರ್ಷ. ಮೊಮ್ಮಗಳು ನೋಡು ಅಜ್ಜಿ ನೋಡು ಅಂತ ಪೀಡಿಸ್ತಾಳೆ. ಕಣ್ಣು ಮಂದ, ಹೊಡೆದಾಟ ಆಗಲ್ಲ, ಹುಡುಗ ಹುಡುಗಿ ಪ್ರೇಮದ ಗೋಜೂ ಬೇಡ. ಯಾವುದರಿಂದ ಶುರು ಮಾಡಲಿ?
– ಚಿಕ್ಕಮಗಳೂರು

'ಚಿಹಾಯಾಫುರು' ನೋಡಿ ಟೀಚರ್, 2011ರದ್ದು. ಹೆಂಗಸರ ಪತ್ರಿಕೇಲಿ ಬಂದ ಮಾಂಗಾನೇ. ಅದರಲ್ಲಿ ಕರುತಾ ಅಂತ ಒಂದು ಆಟ, ನೂರು ಕವಿಗಳ ನೂರು ಹಳೇ ಪದ್ಯ, ಒಬ್ರು ಮೊದಲರ್ಧ ರಾಗವಾಗಿ ಓದ್ತಾ ಹೋದ ಹಾಗೆ ಉಳಿದರ್ಧ ಇರೋ ಕಾರ್ಡನ್ನ ಚಾಪೆ ಮೇಲಿಂದ ಯಾರು ಮೊದಲು ಹೊಡೆದು ಹಾರಿಸ್ತಾರೋ ಆ ಕಾರ್ಡು ಅವರದ್ದು. ಬಾಯಲ್ಲಿ ಮೊದಲ ಅಕ್ಷರ ಹೊರಡೋ ಮುಂಚಿನ ಉಸಿರಲ್ಲೇ ಹುಡುಗಿ ಕೈ ಬೀಸ್ತಾಳೆ, ಮೈ ಜುಂ ಅನ್ನುತ್ತೆ. ಅಂತ್ಯಾಕ್ಷರಿ ಆಡಿಸಿದ ನಿಮಗೆ ಬೇರೆ ಹೇಳ್ಬೇಕಾ. ಹುಡುಗ ಹುಡುಗಿ ವಿಷ್ಯ ಸ್ವಲ್ಪ ಇದೆ, ಚೂರೇ ಚೂರು, ಅದಕ್ಕಿಂತ ಕಾರ್ಡೇ ಮುಖ್ಯ. ಮೊಮ್ಮಗಳಿಗೆ ಹೇಳಿ ಟಿವಿ ಸೆಟ್ಟಿಂಗಲ್ಲಿ ಸಬ್‌ಟೈಟಲ್ ಅಕ್ಷರ ದೊಡ್ಡದು ಮಾಡಿಸಿ. ಆಮೇಲೂ ಕಾಣದಿದ್ರೆ ಅವಳನ್ನೇ ಪಕ್ಕದಲ್ಲಿ ಕೂರಿಸ್ಕೊಂಡು ಕನ್ನಡಕ್ಕೆ ಅನುವಾದ ಮಾಡಿಸಿ, ತಪ್ಪು ಹೇಳಿದ್ರೆ ಕಿವಿ ಹಿಂಡಿ.